ಅಮ್ಮನ ಹನ್ನೆರಡು ಬ್ಲೂಬೆರ್ರಿ ಪೊದೆಗಳು

"ಆ ಕತ್ತರಿ ಕೆಳಗಿಡು, ಆಂಗಸ್."

ಆರು ತಿಂಗಳ ಮೇಲೆ ಕೇಳಿದ ದನಿ... ಪಕ್ಕದ ಹೊಲದ ಆಂಗಸ್ ಬೆಚ್ಚಿ ತಿರುಗಿದ.

ನೆರಿಡಾಳ ಕಣ್ಣು ಪೊದೆಗಳ ಮೇಲಿತ್ತು. ಅಮ್ಮ ಇಪ್ಪತ್ತು ವರ್ಷ ಸಾಕಿದ ಗಿಡಗಳು. ಆಳೆತ್ತರ ಇದ್ದಂಥವು ಈಗ ಮೊಣಕಾಲೆತ್ತರದ ಮೋಟುಗಳಾಗಿದ್ದವು. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದೇ ಇವು. ಅಮ್ಮ ಗೇಣಿಗೆ ಹಿಡಿದಿದ್ದ ಈ ಜಮೀನು ಮಾರಾಟವಾಗಿ, ಸೋಮವಾರ ಬುಲ್ಡೋಜರ್ ಬರುವುದಿತ್ತು. ಅಷ್ಟರೊಳಗೆ ಗಿಡಗಳನ್ನು ಒಯ್ಯಲೆಂದು ಅವಳು ಈಗಿರುವ ಹೋಬಾರ್ಟ್ ನಗರದಿಂದ ಗಾಡಿ ತಂದಿದ್ದಳು.

"ಜನವರೀಲಿ ಕಿತ್ತುಕೊಡು ಅಂತ ಗೋಗರೆದೆ. ನೀನು ಆಗಲ್ಲ ಅಂದೆ. ಈಗ ಯಾರನ್ನ ಕೇಳಿ ಕಡಿದೆ?"

"ಆಗ ನಡುಬೇಸಿಗೆ, ಗಿಡದ ತುಂಬ ಹಣ್ಣಿತ್ತು, ನೆರಿ. ಆ ಬಿಸಿಲಲ್ಲಿ ಕಿತ್ತಿದ್ರೆ ವಾರದಲ್ಲಿ ಒಣಗೋಗ್ತಿತ್ತು. ಈ ಜುಲೈ ಚಳೀಲಿ, ಎಲೆ ಉದುರಿ ಮಲಗಿದಾಗ್ಲೇ ಕೀಳ್ಬೇಕು. ಕೀಳುವಾಗ ಬೇರು ಅರ್ಧ ಹೋಗತ್ತೆ, ಉಳಿದ ಬೇರಿಗೆ ಅಷ್ಟೊಂದು ಕೊಂಬೆ ಸಾಕೋಕಾಗಲ್ಲ, ಅದಕ್ಕೇ ಕಡಿದೆ."

"ಇದನ್ನ ಆಗಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನೀನು ಗೇಟು ಬಡಿದು ಹೋದೆ."

"ಫೋನ್ ಇರ್ಲಿಲ್ವಾ?"

ಅವನು ಕತ್ತರಿ ಕೆಳಗಿಟ್ಟ. ಬಾರದ ಆ ಹಾಳು ಫೋನೇ ಅವಳನ್ನು ಆರು ತಿಂಗಳು ಸುಟ್ಟಿತ್ತು. ಇವನಿಗೆ ಅಮ್ಮನ ಗಿಡಗಳೂ ಬೇಡ, ನಾನೂ ಬೇಡವಾದೆ... ಎಂದುಕೊಂಡೇ ಅವಳು ಊರು ಬಿಟ್ಟಿದ್ದಳು.

ಅವನು ಬೇಲಿಯಾಚೆ ಕೈ ತೋರಿಸಿದ. ಅವನ ಹೊಲದಲ್ಲಿ ಸಾಲಾಗಿ ಹನ್ನೆರಡು ಗುಂಡಿಗಳು. ಒಳಗೆ ಕೊಳೆತು ಕಪ್ಪಾದ ಪೈನ್ ಸೊಪ್ಪು.

"ನೀನು ಹೋದ ಮಾರನೇ ದಿನ ತೋಡ್ದೆ. ಇವಕ್ಕೆ ಹುಳಿ ಮಣ್ಣು ಬೇಕು, ಅದಕ್ಕೇ ಆ ಸೊಪ್ಪು."

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನಮ್ಮಮ್ಮನ ಗಿಡ ನಿನ್ನ ಹೊಲಕ್ಕೆ ಬರತ್ತೆ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ. ನಿನ್ನ ಬಾ ಅನ್ನೋಕೆ ಧೈರ್ಯ ಸಾಲ್ಲಿಲ್ಲ, ಗುಂಡಿ ತೋಡ್ದೆ. ಹೋಬಾರ್ಟೇ ಬೇಕು ಅಂದ್ರೆ ಗೋಣಿ ಸುತ್ತಿ ನಾನೇ ಗಾಡಿಗೆ ಹಾಕ್ತೀನಿ."

ನೆರಿಡಾ ಬೇಲಿಗೆ ಒರಗಿಸಿದ್ದ ಅವನ ಸನಿಕೆ ಎತ್ತಿಕೊಂಡಳು. ಮೊದಲ ಪೊದೆಯ ಸುತ್ತ, ಬುಡದಿಂದ ದೂರಕ್ಕೆ, ರೋಷದಿಂದ ನೆಲಕ್ಕೆ ಚುಚ್ಚಿದಳು.

"ಬರೋ ಬೇಸಿಗೇಲಿ ಹಣ್ಣು ಬಿಡತ್ತಾ?"

"ಇಲ್ಲ. ಹೂ ಬಂದ್ರೆ ಒಂದೂ ಬಿಡದೆ ಚಿವುಟಬೇಕು. ಮೊದಲು ಬೇರೂರಲಿ. ಹಣ್ಣು ಅದರ ಮುಂದಿನ ವರ್ಷ."

"ಅಲ್ಲೀವರೆಗೂ ನಿನ್ನ ಹತ್ರ ಜಗಳ ಆಡ್ಕೊಂಡು ಇಲ್ಲೇ ಇರ್ಬೇಕಾ ನಾನು?"

"ನೀನಿಲ್ಲದೆ ಇರೋದಕ್ಕಿಂತ ಅದೇ ವಾಸಿ. ನಿನ್ನ ಪ್ರೀತಿಸ್ತೀನಿ, ನೆರಿ..."

"ಇಷ್ಟು ಹೇಳೋಕೆ ಹನ್ನೆರಡು ಗುಂಡಿ ಬೇಕಾಯ್ತು ನಿಂಗೆ." ಅವಳು ಕಣ್ಣೊರೆಸಿಕೊಂಡಳು. "ಆ ಕಡೆ ಗೋಣಿ ಹಿಡ್ಕೋ. ಒಂದು ಬೇರು ತುಂಡಾದ್ರೂ ನಿನ್ನ ಸುಮ್ನೆ ಬಿಡಲ್ಲ."

"ಬಿಡ್ಬೇಡ," ಅಂದ ಆಂಗಸ್.