ಕೈಲಾಗದವನ ಬಲಗೈ

ಅಣ್ಣನ ಬೆರಳು ಕಂಡರೆ ತಮ್ಮನಿಗೆ ಅಸಹ್ಯವಾಗುತ್ತಿತ್ತು. ಉಗುರುಸಂದಿಯಲ್ಲಿ ಪುಸ್ತಕ ಕಟ್ಟುವ ಅಂಟು, ಅದರ ಮೇಲೆ ಎಣ್ಣೆಜಿಡ್ಡು. ಆ ಬೆರಳುಗಳನ್ನು ಒಂದೊಂದಾಗಿ ಚೀಪಿ, ಅದೇ ಕೈಯಿಂದ ಅಣ್ಣ ಅವನ ಬಾಯಿಗೆ ತುತ್ತಿಡುತ್ತಿದ್ದ. ತಮ್ಮನಿಗೆ ಎಡಗೈಯಲ್ಲಿ ತಿನ್ನಲು ಬರುತ್ತಿತ್ತು, ಅಣ್ಣ ಬಿಡಬೇಕಲ್ಲ. ಮುಖ ತಿರುಗಿಸಿದರೆ ಬಂದವರೆದುರಿಗೇ ನಗುತ್ತಿದ್ದ.

"ಕೈಲಾಗದವನು ಮೈ ಪರಚಿಕೊಂಡ ಅನ್ನೋ ಹಾಗಾಗಿದೆ ಪಾಪ. ಇವನಿಗೆ ಈಗ ನಾನೇ ಬಲಗೈ."

ನಿಜವಾದ ಬಲಗೈಯನ್ನು ತಿಂದವನೂ ಅವನೇ. ಕೆಲಸ ಬೇಗ ಸಾಗಲೆಂದು ಕಾಗದ ಒತ್ತುವ ಯಂತ್ರಕ್ಕೆ ಕೈ ಸಿಕ್ಕದಂತೆ ಕಾಯುವ ತಡೆಪಟ್ಟಿ ಕಳಚಿಟ್ಟದ್ದು ಅಣ್ಣ. ಮೊಣಕೈ ಕೆಳಗೆ ನರಗಳು ಜಜ್ಜಿಹೋದದ್ದು ತಮ್ಮನಿಗೆ. ಹನ್ನೊಂದು ತಿಂಗಳಾದರೂ ತಪ್ಪಾಯಿತು ಎಂಬ ಒಂದು ಮಾತಿಲ್ಲ.

ಸೂಜಿ ಚಿಕಿತ್ಸೆಯ ಡಾಕ್ಟರಮ್ಮ ವಾರಕ್ಕೆರಡು ಸಲ ಮನೆಗೇ ಬಂದು ಮುಂಗೈಗೆ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚುತ್ತಿದ್ದರು. ಏಳನೆಯ ತಿಂಗಳಲ್ಲಿ ಹೆಬ್ಬೆರಳು ಜುಮ್ಮೆಂದಿತು. ಸೂಜಿಯ ಗುಣವೋ ಕಾಲದ ಗುಣವೋ, ಬರಬರುತ್ತಾ ಐದೂ ಬೆರಳಿಗೆ ಜೀವ ಬಂತು. ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಸತ್ತ ಕೈಯ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡು, ರದ್ದಿ ಕಾಗದ ಹಿಂಡುತ್ತಾ ಹಿಡಿತ ಗಟ್ಟಿಮಾಡಿಕೊಂಡ. ಡಾಕ್ಟರಮ್ಮ ಬೆರಳತುದಿ ಚುಚ್ಚಿ ಗೊತ್ತಾಗುತ್ತದೆಯೇ ಎಂದು ಕೇಳುವಾಗ ಅಣ್ಣನ ಸಿಪ್ಪೆ ಸುಲಿಯುವ ಹಿಮ್ಮಡಿಯನ್ನು ನೆನೆಯುತ್ತಿದ್ದ. ಆ ಅಸಹ್ಯದ ಮುಂದೆ ಸೂಜಿಯ ನೋವು ಯಾವ ಲೆಕ್ಕ? ಮುಖ ಕದಲುತ್ತಿರಲಿಲ್ಲ. ಅವರು ಪೆಚ್ಚುಮೋರೆ ಹಾಕಿಕೊಂಡು ಬದಲಾವಣೆ ಇಲ್ಲವೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಣ್ಣ ಸ್ನಾನದ ತೊಟ್ಟಿ ತುಂಬ ಬಿಸಿನೀರು ಬಿಟ್ಟುಕೊಂಡು, ಬಾಗಿಲ ಅಗುಳಿ ಕೂಡ ಹಾಕದೆ, ಎಮ್ಮೆಯ ಹಾಗೆ ಬಿದ್ದುಕೊಳ್ಳುತ್ತಿದ್ದ. ತೊಂಬತ್ತು ಕಿಲೋ ಆಳನ್ನು ನೀರಿನಲ್ಲಿ ಅದುಮಿ ಹಿಡಿಯುವುದು ಎರಡು ಕೈಯ ಕೆಲಸ. ಮನೆಯಲ್ಲಿದ್ದ ಇನ್ನೊಬ್ಬನಿಗೆ ಇದ್ದದ್ದು ಒಂದೇ ಕೈ; ಡಾಕ್ಟರಮ್ಮನ ಪುಸ್ತಕವೇ ಅದಕ್ಕೆ ಸಾಕ್ಷಿ. ಹತ್ತು ಗಂಟೆಗೆ ಅವರು ಬರುತ್ತಾರೆ. ಹೆಣವನ್ನು ಮೊದಲು ನೋಡುವವರೂ ಅವರೇ ಆಗಲಿ ಎಂದುಕೊಂಡ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಅಂಗಿ ಕಳಚಿಟ್ಟು ಒಳಹೊಕ್ಕ. ನೀರಿನ ಮೇಲೆ ಬೂದು ಬಣ್ಣದ ಕೆನೆ, ಅದರಲ್ಲಿ ತೇಲುವ ಚರ್ಮದ ಚೂರು. ಕೊಲ್ಲುವುದಕ್ಕಿಂತ ಅದರೊಳಗೆ ಕೈ ಅದ್ದುವುದೇ ಅವನಿಗೆ ಕಷ್ಟವಾಯಿತು. ಕಣ್ಣು ಬಿಟ್ಟ ಅಣ್ಣ ಕೊನೆಗೆ ನೋಡಿದ್ದು ತಮ್ಮನ ಮುಖವನ್ನಲ್ಲ, ಬಲಗೈಯನ್ನು. ಗುಳ್ಳೆ ನಿಂತರೂ ಅವನು ಬಿಡಲಿಲ್ಲ. ನಿಧಾನವಾಗಿ ಮುನ್ನೂರು ಎಣಿಸಿದ. ನಂಬಿಕೆ ಸಾಲದೆ ಇನ್ನೂ ಮುನ್ನೂರು ಎಣಿಸಿದ. ಆಮೇಲೆ ನೆಲ ಒರೆಸಿ, ತೋಳು ಒರೆಸಿ, ಅಂಗಿ ತೊಟ್ಟು, ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಜೋತುಬಿಟ್ಟ. ಅಷ್ಟರಲ್ಲಿ ಬಾಗಿಲ ಕರೆಗಂಟೆ ಸದ್ದಾಯಿತು.

ಡಾಕ್ಟರಮ್ಮ ಹೆಣದ ನಾಡಿ ಹಿಡಿದು ನೋಡಿ, ಪೊಲೀಸರಿಗೆ ಫೋನ್ ಮಾಡಿ, ಅಳುತ್ತಿದ್ದವನನ್ನು ಕುರ್ಚಿಯಲ್ಲಿ ಕೂರಿಸಿದರು. ಎಂದಿನ ಅಭ್ಯಾಸದಂತೆ ಅವನ ಬಲಗೈಯನ್ನು ಮೆಲ್ಲಗೆ ಹಿಡಿದು ಸವರಿದವರು ಬೆರಳತುದಿಗಳನ್ನೇ ನೋಡುತ್ತ ಉಳಿದರು. ಆಮೇಲೆ ಕೈ ಬಿಟ್ಟು, ಬಾಗಿಲ ತನಕ ಹಿಂದೆ ಸರಿದು, ತಣ್ಣಗೆ ಹೇಳಿದರು: "ನರ ಸತ್ತಿರೋ ಬೆರಳು ಎಷ್ಟು ಹೊತ್ತು ನೀರಲ್ಲಿದ್ರೂ ಸುಕ್ಕಾಗಲ್ಲ. ನಿಮ್ಮ ಐದೂ ಬೆರಳು ಸುಕ್ಕಾಗಿದೆ."