ಮೊಳೆ ಇಲ್ಲದ ಗೋಡೆ

ಹನ್ನೊಂದು ವರ್ಷಗಳ ಹಿಂದೆ ಪಂಕಜಾಕ್ಷಿ ಮಗಳಿಗೊಂದು ಮಾತು ಕೊಟ್ಟಿದ್ದಳು. ಐದು ವರ್ಷದ ಇಂಚರ ರಟ್ಟಿನ ಮೇಲೆ ಬರೆದ ಆನೆಯನ್ನು ಗೋಡೆಗೆ ತೂಗುಹಾಕಲು ಹೋಗಿ, "ಮೊಳೆ ಹೊಡೀಬಾರ್ದು ಅಂತ ಕರಾರಲ್ಲೇ ಇದೆಯಲ್ಲಮ್ಮ" ಎಂದು ಮನೆ ಮಾಲೀಕರಿಂದ ಬೈಸಿಕೊಂಡ ದಿನ ಅದು.

"ಅಳ್ಬೇಡ ಪುಟ್ಟಿ. ನಮ್ಮ ಸ್ವಂತ ಗೋಡೆಗೇ ಮೊಳೆ ಹೊಡೆದು ನಿನ್ನ ಆನೆ ಹಾಕ್ತೀನಿ" ಎಂದಿದ್ದಳು. ಆಮೇಲೆ ಏಳು ಮನೆ ಬದಲಾದವು. ಆನೆ ಬೀರುವಿನ ನೆತ್ತಿಯ ಮೇಲೆ ಧೂಳು ಕುಡಿಯುತ್ತಾ ಮಲಗಿತ್ತು.

ಈಗ ರಿಂಗ್ ರಸ್ತೆಯಾಚೆಯ ಒಂದು ಪುಟ್ಟ ಫ್ಲ್ಯಾಟ್ ಅವಳ ಕಣ್ಣಿಗೆ ಬಿದ್ದಿತ್ತು. ಹಾಗಾಗಿಯೇ ಈ ಎಂಟನೆಯ ಬಾಡಿಗೆ ಮನೆಯ ನಡುಮನೆಯಲ್ಲಿ ವಿಜ್ಞಾನಿ ಡಾ. ಶಶಿಭೂಷಣರು ತಾವೇ ತಯಾರಿಸಿ ತಂದಿದ್ದ 'ನೆಲೆಮಾಪಕ' ಗುಂಯ್‌ಗುಡುತ್ತಿತ್ತು. ತೆಂಗಿನಕಾಯಿ ಗಾತ್ರದ ಆ ಯಂತ್ರ ಗೋಡೆಗಳ ಮೇಲೆ ಕಿರಣ ಹಾಯಿಸಿ, ಒಂದು ಕುಟುಂಬ ತಾನಿರುವ ಜಾಗಕ್ಕೆ ಎಷ್ಟು ಅಂಟಿಕೊಳ್ಳುತ್ತದೆ ಎಂಬುದನ್ನು ಅಳೆಯುತ್ತದೆ. ಮೊಳೆಗಳು, ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರದ ಗೆರೆಗಳು, ದೇವರ ಪಟದ ಹಿಂದಿನ ಹೊಗೆಯ ಕಲೆ, ಇವನ್ನೆಲ್ಲ ಕೂಡಿಸಿ 'ನೆಲೆಯಂಕ' ಹೇಳುತ್ತದೆ. ಮೈಸೂರಿನಲ್ಲಿ ಮನೆಗಳು ಕೈಗೆಟುಕದಷ್ಟು ದುಬಾರಿಯಾದ ಮೇಲೆ, ನೆಲೆಯಂಕ ನೂರಕ್ಕೆ ಅರವತ್ತು ದಾಟದವರಿಗೆ ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ.

ಯಂತ್ರ ನಿಂತಿತು. ಒಂಬತ್ತು.

"ನೀವು ನೆಲೆ ಊರೋ ಪೈಕಿ ಅಲ್ಲಮ್ಮ" ಎಂದರು ಶಶಿಭೂಷಣರು ಮೆತ್ತಗೆ. "ಒಂದು ಮೊಳೆನೂ ಇಲ್ಲ. ಇಂಥವರು ಸಾಲ ಅರ್ಧಕ್ಕೇ ಬಿಟ್ಟು ಹೋಗ್ತಾರೆ ಅನ್ನುತ್ತೆ ಯಂತ್ರ."

ಬೆಳಗಿನ ಪಾಳಿಯಲ್ಲಿ ಸಿಟಿ ಬಸ್ಸು ಓಡಿಸಿ ಬಂದ ಪಂಕಜಾಕ್ಷಿ ಇನ್ನೂ ಖಾಕಿ ಬದಲಿಸಿರಲಿಲ್ಲ. "ಸಾರ್, ಯಾವತ್ತಾದ್ರೂ ಬಾಡಿಗೆ ಮನೇಲಿ ಇದ್ರಾ ನೀವು?"

"ಇಲ್ಲ. ನಮ್ಮದು ತಾತ ಕಟ್ಟಿಸಿದ್ದು."

"ಅದಕ್ಕೇ. ಮೊಳೆ ಹೊಡೆದ್ರೆ ಅಡ್ವಾನ್ಸಲ್ಲಿ ಹಿಡ್ಕೋತಾರೆ ಅಂತ ನಿಮ್ಮ ಯಂತ್ರಕ್ಕೆ ಯಾರೂ ಹೇಳಿಲ್ಲ. ಬನ್ನಿ ಇಲ್ಲಿ." ಕೋಣೆಗೆ ಕರೆದೊಯ್ದು ಬೀರುವಿನ ಬಾಗಿಲು ತೆರೆದಳು. "ಇದಕ್ಕೆ ಹಿಡೀರಿ ಅದನ್ನ."

ಬಾಗಿಲ ಒಳಮೈಯಲ್ಲಿ ಇಂಚರಳ ಎತ್ತರ ವರ್ಷಕ್ಕೊಂದು ಗೆರೆಯಾಗಿ ಏರಿತ್ತು. ಅಂಟಿಸಿದ ಚಾಮುಂಡಿಯ ಪಟ, ಕುಂಕುಮದ ಕಲೆ, ಪೆನ್ನಿನಲ್ಲಿ ಗೀಚಿದ ಹಳೆಯ ಡಾಕ್ಟರರ ನಂಬರು. ಎಂಟು ಮನೆಗಳಿಗೆ ಅವರು ಹೊತ್ತು ತಂದಿದ್ದ ಒಂದೇ ಗೋಡೆ ಅದು. ಯಂತ್ರ ಬಹಳ ಹೊತ್ತು ಓದಿತು. ತೊಂಬತ್ತಾರು.

ಶಶಿಭೂಷಣರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದೇ ಕಣಮ್ಮ. ಸ್ವಂತ ಮನೆಯವರನ್ನಷ್ಟೇ ನೋಡಿ ಇದಕ್ಕೆ ಕಲಿಸಿದ್ದೆ."

ಮನುಷ್ಯ ಪ್ರಾಮಾಣಿಕ. ತಿಂಗಳೊಳಗೆ ಊರಿನ ನೆಲೆಮಾಪಕಗಳೆಲ್ಲ ಬೀರು, ಟ್ರಂಕು, ಹಿಟ್ಟಿನ ಡಬ್ಬಗಳನ್ನು ಓದಲು ಕಲಿತವು. ಬಾಡಿಗೆಯವರೆಲ್ಲ ಪಾಸಾಗಿ ಒಟ್ಟಿಗೇ ಬ್ಯಾಂಕುಗಳಿಗೆ ನುಗ್ಗಿದರು. ಮನೆಗಳು ಇದ್ದಷ್ಟೇ, ಕೊಳ್ಳುವವರು ಹತ್ತು ಪಟ್ಟು. ಬೆಲೆ ದುಪ್ಪಟ್ಟಾಯಿತು. ಇದನ್ನು ಯಂತ್ರವೂ ಎಣಿಸಿರಲಿಲ್ಲ, ಅದನ್ನು ಮಾಡಿದವರೂ ಎಣಿಸಿರಲಿಲ್ಲ.

ಶಶಿಭೂಷಣರು ಫೋನು ಮಾಡಿದರು. "ಆ ಫ್ಲ್ಯಾಟ್ ಈಗಲೂ ತಗೋಬಹುದಮ್ಮ. ನಿಮ್ಮ ಅಂಕಕ್ಕೆ ಸಾಲ ಸಿಗುತ್ತೆ. ದಿನಾ ಎರಡು ಪಾಳಿ ಓಡಿಸಿದ್ರೆ ರಿಟೈರಾಗೋ ಹೊತ್ತಿಗೆ ತೀರುತ್ತೆ."

ಪಂಕಜಾಕ್ಷಿ ಮಗಳತ್ತ ನೋಡಿದಳು. ಹದಿನಾರಾಗಿತ್ತು. ಜೊತೆಗಿರುವುದು ಇನ್ನೆಷ್ಟು ದಿನವೋ.

"ಎರಡು ಪಾಳಿ ಮಾಡಿದ್ರೆ ಆ ಮನೇಲಿ ಇರೋರ್ಯಾರು ಸಾರ್? ನಿಮ್ಮ ಯಂತ್ರವೇ ಹೋಗಿ ಇರಲಿ. ನಂಗೆ ಬೇಡ."

ಫೋನಿಟ್ಟಳು. "ಇಂಚರಾ, ಸುತ್ತಿಗೆ ತಗೊಂಬಾ."

"ಅಮ್ಮಾ, ಓನರ್ ಅಂಕಲ್ ಮೇಲೇ ಇದಾರೆ!"

"ಇರ್ಲಿ. ಅವರಿಗೂ ಕೇಳಿಸ್ಲಿ."

ಮೂರನೇ ಏಟಿಗೆ ಮಾಲೀಕ ರಾಜಶೇಖರಯ್ಯ ಮೆಟ್ಟಿಲಿಳಿದು ಬಂದರು. "ಏನಮ್ಮ ಇದು? ಯಾರ ಗೋಡೆ ಅನ್ಕೊಂಡಿದೀರಾ?"

ಪಂಕಜಾಕ್ಷಿ ತುಟಿಯಲ್ಲಿ ಕಚ್ಚಿದ್ದ ಇನ್ನೊಂದು ಮೊಳೆ ತೆಗೆದಳು. "ಗೋಡೆ ನಿಮ್ದೇ ಸಾರ್. ಮನೆ ನಮ್ದು."

ಆನೆ ಗೋಡೆಗೇರಿತು, ಸ್ವಲ್ಪ ವಾರೆಯಾಗಿ. ಸ್ವಂತ ಗೋಡೆಗೇ ಹಾಕುತ್ತೇನೆ ಎಂದಿದ್ದಳು. ಆ ಮಾತನ್ನು ಪಂಕಜಾಕ್ಷಿ ಮುರಿದಳು.