ಬಿರುಕಿನ ಮೇಲಿನ ಗಾಜು

"ಅಲ್ಲೇ ನಿಲ್ಲಿ! ಒಂದು ಹೆಜ್ಜೆನೂ ಮುಂದೆ ಇಡ್ಬೇಡಿ."

ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಬಂದ ಜೆನ್ನಿ ಬೆಚ್ಚಿ ನಿಂತಳು. ರಾಜೀವನಗರದ ತನ್ನದೇ ಮನೆ, ತನ್ನದೇ ತಾರಸಿ. ಅಲ್ಲಿ ಯಾರೋ ಒಬ್ಬ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿಕೊಂಡು ಅವಳಿಗೇ ಅಪ್ಪಣೆ ಕೊಡುತ್ತಿದ್ದ.

"ಯಾರ್ರೀ ನೀವು? ನಮ್ಮನೇಲಿ ನನ್ನನ್ನೇ ನಿಲ್ಲಿಸೋಕೆ?"

ಅವನು ತಲೆ ಎತ್ತಲೇ ಇಲ್ಲ. "ಸ್ವಲ್ಪ ಹೊತ್ತು ಸುಮ್ನಿರಿ. ನೆಲ ಒಣಗ್ತಾ ಇದೆ."

ನೆಲ ಒಣಗೋದನ್ನ ನೋಡ್ತಾ ಕೂತಿದಾನಾ? ಇವನಿಗೇನು ತಲೆ ಸರಿ ಇಲ್ವಾ...

ಜೆನ್ನಿಗೆ ರೇಗಿಹೋಯಿತು. ಬೇಕೆಂದೇ ನಾಲ್ಕು ಹೆಜ್ಜೆ ಮುಂದೆ ನಡೆದಳು. ಬಕೆಟ್ಟಿನಿಂದ ತುಳುಕಿದ ನೀರು ನೆಲದ ತುಂಬ ಹರಡಿತು.

ಆಗ ಅವನು ತಲೆ ಎತ್ತಿದ. ಬೈಯುತ್ತಾನೆ ಅಂದುಕೊಂಡಿದ್ದಳು. ಆದರೆ ಅವನು ನಕ್ಕುಬಿಟ್ಟ.

"ಆಯ್ತು ಬಿಡಿ, ಮತ್ತೆ ಮೊದಲಿಂದ. ನೆಲದ ಮೇಲಿನ ನೀರು ಬೇಗ ಆರುತ್ತೆ, ಬಿರುಕಿನ ಒಳಗೆ ಇಳಿದಿದ್ದು ಆರಲ್ಲ ಕಣ್ರೀ. ಆಗ ಬಿರುಕು ಎಲ್ಲೆಲ್ಲಿ ಹೋಗಿದೆ ಅಂತ ಕಪ್ಪಗೆ ಕಾಣುತ್ತೆ. ಅದಕ್ಕೇ ಕಾಯ್ತಾ ಇದ್ದೆ."

ಜೆನ್ನಿಯ ಮುಖ ಕೆಂಪಾಯಿತು. ಕ್ಷಮಿಸಿ ಅನ್ನಲು ಬಾಯಿ ಬರಲಿಲ್ಲ, ಹಟ ಅಷ್ಟಿತ್ತು. ಸುಮ್ಮನೆ ಕೆಳಗಿಳಿದು ಹೋಗಿ ಇನ್ನೊಂದು ಬಕೆಟ್ ನೀರು ತಂದು ತಾನೇ ನೆಲಕ್ಕೆ ಹೊಯ್ದಳು. ಆಮೇಲೆ ಇಬ್ಬರೂ ಪ್ಯಾರಪೆಟ್ ಗೋಡೆಗೆ ಒರಗಿ ನೆಲ ಒಣಗುವುದನ್ನು ನೋಡುತ್ತಾ ಕೂತರು. ಎದುರಿಗೆ ಚಾಮುಂಡಿ ಬೆಟ್ಟದ ಮೇಲೆ ಬಿಸಿಲು ಇಳಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ನೆಲ ಬೆಳ್ಳಗಾಯಿತು. ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯಿತು.

"ಬಂತು," ಅಂದಳು ಜೆನ್ನಿ, ತನಗೇ ಗೊತ್ತಿಲ್ಲದೆ ಖುಷಿಯಿಂದ.

ಅವನು ಗೆರೆಯ ಕಡೆ ನೋಡುತ್ತಿರಲಿಲ್ಲ. ಅದು ಅವಳಿಗೆ ಆಗ ಗೊತ್ತಾಗಲಿಲ್ಲ.

ಅವಳ ತಾಯಿ ಲೂರ್ದಮ್ಮ ಕಾಫಿ ಹಿಡಿದು ಮೇಲೆ ಬಂದರು. "ಇವನು ಜಾನ್ಸನ್ ಕಣೇ, ನಮ್ಮ ಚರ್ಚಿನವನೇ. ಸೋರೋ ತಾರಸಿ, ಬಿರುಕು ಬಿಟ್ಟ ಮೋಲ್ಡು ಎಲ್ಲಾ ಸರಿ ಮಾಡ್ತಾನೆ. ಹೋದ್ಸಲ ಮಳೇಲಿ ನಿಮ್ಮಪ್ಪನ ಫೋಟೋ ಮೇಲೇ ಸೋರ್ತಲ್ಲ, ಅದಕ್ಕೇ ಕರೆಸ್ದೆ."

"ಮುಂದಿನ ಹಾಲ್ ಮೊದಲು, ಹಿಂದಿನ ರೂಮು ಆಮೇಲೆ ಕಟ್ಟಿಸಿದ್ದು, ಅಲ್ವಾ ಆಂಟಿ?" ಅಂದ ಜಾನ್ಸನ್. "ಹಳೇ ಮೋಲ್ಡು ಹೊಸ ಮೋಲ್ಡು ಸೇರಿದ ಜಾಯಿಂಟಲ್ಲೇ ಬಿಟ್ಕೊಂಡಿದೆ."

"ಹೌದಪ್ಪ. ಇವಳು ಹುಟ್ಟಿದ ವರ್ಷ ಇವರಪ್ಪ ಹಿಂದಿನ ರೂಮು ಹಾಕಿಸಿದ್ರು." ಲೂರ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡ ಅಮಲರಾಜ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. "ಇದರ ಮೇಲೊಂದು ರೂಮು ಕಟ್ಟಬಹುದೇನಪ್ಪ? ಮದುವೆ ಆದ್ಮೇಲೂ ಇವಳು ಮಹಡೀಲೇ ಇರಲಿ ಅಂತ ನನ್ನಾಸೆ. ದೂರ ಕಳಿಸೋಕೆ ನಂಗಾಗಲ್ಲ."

"ಅಮ್ಮಾ..." ಅಂದಳು ಜೆನ್ನಿ ನಾಚಿಕೆಯಿಂದ.

ಜಾನ್ಸನ್ ಗಂಟಲು ಸರಿಮಾಡಿಕೊಂಡ. "ಈಗ್ಲೇ ಹೇಳೋಕಾಗಲ್ಲ ಆಂಟಿ. ಬಿರುಕು ಇನ್ನೂ ಬಿಡ್ತಾ ಇದ್ಯಾ, ನಿಂತೋಗಿದ್ಯಾ ನೋಡ್ಬೇಕು. ಅದಕ್ಕೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸ್ತೀನಿ. ಬಿರುಕು ಅಲುಗಾಡಿದ್ರೆ ಗಾಜು ಮುರಿಯುತ್ತೆ. ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗ್ತೀನಿ."

"ಗಾಜು ನಾನು ಕೊಡ್ತೀನಿ," ಅಂದಳು ಜೆನ್ನಿ.

ಅವಳು ಕೆಲಸ ಮಾಡುತ್ತಿದ್ದದ್ದು ದೇವರಾಜ ಮೊಹಲ್ಲಾದಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ. ಚಾಮುಂಡೇಶ್ವರಿ, ಮರಿಯಮ್ಮ, ಬಸವಣ್ಣ, ಯಾರದೋ ಮದುವೆ, ಯಾರದೋ ತಾತ... ಎಲ್ಲರಿಗೂ ಗಾಜು ಕತ್ತರಿಸುವವಳು ಅವಳೇ. ಕಟರ್ ಹಿಡಿದು ಒಂದು ಗೀರು ಎಳೆದು ಮೆಲ್ಲಗೆ ತಟ್ಟಿದರೆ ಸಾಕು, ಗಾಜು ಅವಳು ಹೇಳಿದಲ್ಲೇ ಮುರಿಯುತ್ತಿತ್ತು. ಕಥೆ ಕೆಟ್ಟಿದ್ದೇ ಈ ವಿದ್ಯೆಯಿಂದ.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲಿನ ದಿನಗಳವು. ಜಾನ್ಸನ್ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರವಾಗಿ ಬರುತ್ತಿದ್ದ. ಗಾಜು ನೋಡಲು ಒಂದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಪ್ಯಾರಪೆಟ್ಟಿನ ನೆರಳಲ್ಲಿ ಮಾತು. ಲೂರ್ದಮ್ಮನ ಮಟನ್ ಸಾರಿನ ಘಮ ಮೇಲೇರಿ ಬಂದರೆ ಅವನು ಏಳುತ್ತೇನೆ ಅನ್ನುತ್ತಿದ್ದ, ಏಳುತ್ತಿರಲಿಲ್ಲ.

ಜೆನ್ನಿ ಶನಿವಾರವೇ ತಲೆಗೆ ಸ್ನಾನ ಮಾಡತೊಡಗಿದಳು. ಅದು ಲೂರ್ದಮ್ಮನ ಕಣ್ಣಿಗೆ ಬಿದ್ದರೂ ಅವರು ಏನೂ ಕೇಳಲಿಲ್ಲ.

'ಏನಾದ್ರೂ ಹೇಳ್ತಾರಾ ಇವತ್ತು?' ಅಂತ ಅವಳು ಪ್ರತಿ ವಾರ ಕಾಯುವಳು. ಅವನು ಸಿಮೆಂಟಿನ ಬಗ್ಗೆ ಹೇಳುವನು.

ಒಂದು ಭಾನುವಾರ ಗಾಜು ನೋಡಿ ಎದ್ದವನು, "ಬರೋ ವಾರವೂ ಹೀಗೇ ಇದ್ರೆ ಬಿರುಕು ಸತ್ತಿದೆ, ಇನ್ನು ಬೆಳೆಯಲ್ಲ ಅಂತ ಅರ್ಥ. ತುಂಬಿಸಿ ಮುಗಿಸಿಬಿಡ್ತೀನಿ," ಅಂದ.

"ಆಮೇಲೆ?"

"ಆಮೇಲೇನು... ಕೆಲಸ ಮುಗೀತಲ್ಲ."

ಅಂದರೆ ಇವನಿಗೆ ಇದು ಬರೀ ಕೆಲಸವಾ? ಅಷ್ಟೇನಾ?

"ಗಾಜು ಮುರಿದಿದ್ರೆ?" ಕೇಳಿದಳು ಮೆಲ್ಲಗೆ.

"ಹೊಸ ಗಾಜು ಹಾಕಿ, ಮತ್ತೆ ಮೊದಲಿಂದ ನೋಡ್ಬೇಕು."

"ಮತ್ತೆ ವಾರ ವಾರ ಬರ್ತೀರಾ?"

"ಬರಲೇಬೇಕಲ್ಲ," ಅಂದ ಅವನು ಎಲ್ಲೋ ನೋಡುತ್ತಾ.

ಶನಿವಾರ ಸಂಜೆ ಲೂರ್ದಮ್ಮ ಜಪಮಾಲೆ ಹಿಡಿದು ಕೂತಿದ್ದಾಗ ಜೆನ್ನಿ ತಾರಸಿ ಹತ್ತಿದಳು. ಅಂಗಡಿಯ ಕಟರ್ ಚೂಡಿದಾರದ ದುಪಟ್ಟಾದಲ್ಲಿ ಸುತ್ತಿಟ್ಟಿದ್ದಳು. ಬಿರುಕಿನ ಜಾಡು ಹಿಡಿದು ಗಾಜಿನ ಮೇಲೆ ಒಂದು ಗೀರು ಎಳೆದು, ಬೆರಳಿನಿಂದ ತಟ್ಟಿದಳು. ಟಿಕ್.

ಯೇಸಪ್ಪನೇ, ಇದೊಂದು ಸಲ ಮಾತ್ರ...

ಮರುದಿನ ಜಾನ್ಸನ್ ಗಾಜಿನ ಮುಂದೆ ಕೂತವನು ಮೇಲೇಳಲೇ ಇಲ್ಲ. ಅವಳು ಕಾಫಿ ಲೋಟ ಹಿಡಿದು, ನಗು ಅದುಮಿಕೊಂಡು ನಿಂತಿದ್ದಳು. ಅವನು ತಿರುಗಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

ಕೆಳಗಿಳಿದು ಹೋಗಿ ಲೂರ್ದಮ್ಮನ ಮುಂದೆ ನಿಂತ. "ಆಂಟಿ, ನಾನು ತಪ್ಪು ತಿಳ್ಕೊಂಡಿದ್ದೆ. ಮೋಲ್ಡು ಅಲುಗಾಡ್ತಿದೆ. ಮೇಲೆ ರೂಮು ಕಟ್ಟೋ ಯೋಚನೆ ಬಿಟ್ಬಿಡಿ. ಹಿಂದಿನ ರೂಮಲ್ಲಿ ಮಲಗಬೇಡಿ. ಯಾರಾದ್ರೂ ಒಳ್ಳೆ ಇಂಜಿನಿಯರನ್ನ ಕರೆಸಿ. ಇದು ನನ್ನ ಕೈಲಾಗಲ್ಲ."

ಲೂರ್ದಮ್ಮ ಕುರ್ಚಿಯಲ್ಲಿ ಕುಸಿದರು.

"ಹೊಸ ಗಾಜು ಹಾಕ್ತೀನಿ ಅಂದ್ರಲ್ಲ?" ಜೆನ್ನಿ ಅಡ್ಡ ಬಂದು ನಿಂತಳು.

ಅವನು ಅವಳ ಮುಖ ನೋಡಲಿಲ್ಲ. "ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ ಕಣ್ರೀ," ಅಂದವನು ಕಾಫಿ ಕೂಡ ಕುಡಿಯದೆ ಹೊರಟುಹೋದ.

ಬರಲಿ ಎಂದು ಮುರಿದಿದ್ದಳು. ಹೋಗಿಯೇಬಿಟ್ಟ. ಬಿಟ್ಟುಹೋಗಲು ಒಂದು ನೆಪ ಸಿಕ್ಕಿತೇನೋ ಅವನಿಗೆ... ಎಂದುಕೊಂಡು ಅವಳು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು.

ಅಳು ನಿಂತಿದ್ದು ಅಮ್ಮನ ಮಾತು ಕೇಳಿ. ಹಿಂದಿನ ಬೀದಿಯ ಲಿಂಗಯ್ಯನವರು ಮೊದಲಿನಿಂದಲೂ ಈ ಜಾಗ ಕೇಳುತ್ತಿದ್ದರು. ಅವರಿಗೆ ಲೂರ್ದಮ್ಮ ಹೇಳಿಕಳಿಸಿಬಿಟ್ಟಿದ್ದರು.

"ಮಾರ್ಬುಟ್ಟು ಕೊಳ್ಳೇಗಾಲದಲ್ಲಿ ನಿಮ್ಮ ಚಿಕ್ಕಮ್ಮನ ಮನೆ ಹತ್ರ ಹೋಗ್ಬುಡೋಣ ಕಣಮ್ಮ. ನಿನ್ನ ತಲೆ ಮೇಲೆ ಸೂರು ಬಿದ್ರೆ ನಾನು ಬದುಕಿದ್ದು ಏನು ಮಾಡ್ಲಿ? ನಾಳೆ ಸಂಜೆ ಬರ್ತಾರಂತೆ, ಮಾತು ಮುಗಿಸೋಕೆ." ಹೇಳುತ್ತಾ ಅಪ್ಪನ ಫೋಟೋ ಗೋಡೆಯಿಂದ ಇಳಿಸಿ, ಸೀರೆಯ ಅಂಚಿನಿಂದ ಒರೆಸತೊಡಗಿದರು.

ಅಪ್ಪ ಕಟ್ಟಿದ ಮನೆ. ತಾನು ಹುಟ್ಟಿದಾಗ ಹಾಕಿಸಿದ ಸೂರು. ಒಂದು ಟಿಕ್ ಸದ್ದಿಗೆ ಹೋಗಿಬಿಡುತ್ತದಾ?

ಮರುದಿನ ಮಧ್ಯಾಹ್ನ ಜೆನ್ನಿ ಅಂಗಡಿಯಿಂದ ಓಡಿದಳು. ಎರಡು ಬೀದಿ ಆಚೆ, ಮೊದಲೇ ಹೇಳಿದ್ದ ಹಳೆಯ ಮನೆಯೊಂದರ ತಾರಸಿಯಲ್ಲಿ ಜಾನ್ಸನ್ ಕೆಲಸ ಮಾಡುತ್ತಿದ್ದ. ಅವಳನ್ನು ಕಂಡು ಉಳಿ ಕೆಳಗಿಟ್ಟ. ಅವಳು ಬಿರುಕಿನ ಮೇಲಿಂದ ಕಿತ್ತು ತಂದಿದ್ದ ಗಾಜಿನ ಎರಡು ಚೂರನ್ನೂ, ಜೊತೆಗೆ ಕಟರನ್ನೂ ಅವನ ಅಂಗೈಯಲ್ಲಿಟ್ಟಳು.

"ಅಂಚು ನೋಡಿ. ಗೀರು ಇದೆ. ಬಿರುಕು ಮುರಿದಿದ್ದಲ್ಲ... ನಾನು."

ಅವನು ಗಾಜನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಆ ಸೂರಿನ ಕೆಳಗೆ ನೀವಿಬ್ರೂ ಮಲಗಿರ್ತೀರಲ್ಲ ಅಂತ ನಂಗೆ ಅನ್ನ ಇಳೀತಿಲ್ಲ. ಗೊತ್ತಾ ನಿಮಗೆ?"

"ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಈಗ್ಲೇ ಬಂದು ಅಮ್ಮಂಗೆ ಹೇಳಿ, ನಾನೊಬ್ಳೇ ಹೇಳಿದ್ರೆ ನಂಬಲ್ಲ. ಸಂಜೆ ಮನೆ ಮಾರಿಬಿಡ್ತಾರೆ."

"ಯಾಕೆ ಮಾಡಿದ್ರಿ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ಸಿಮೆಂಟಿನ ಧೂಳಿನ ಮೇಲೆ ಬಿತ್ತು.

"ಗಾಜು ಸರಿ ಇದ್ರೆ ನೀವು ಬರಲ್ಲ ಅಂದ್ರಿ. ನೀವು ಬರದೆ ನಂಗೆ ಇರೋಕಾಗಲ್ಲ. ಅದಕ್ಕೆ."

ಕೆಳಗಿನ ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಜಾನ್ಸನ್ ನೆಲದ ಮೇಲೆ ಕೂತುಬಿಟ್ಟ.

"ಆ ಬಿರುಕಿಗೆ ಗಾಜೇ ಬೇಕಿರ್ಲಿಲ್ಲ ಜೆನ್ನಿ."

ಹೆಸರು ಹಿಡಿದು ಅವನು ಕರೆದಿದ್ದು ಅದೇ ಮೊದಲು.

"ಅದು ಸತ್ತ ಬಿರುಕು ಅಂತ ಮೊದಲನೇ ದಿನವೇ ನಂಗೆ ಅನ್ಸಿತ್ತು. ತಪ್ಪು ಮಾಡಿದವಳು ಮಾತಾಡದೆ ಹೋಗಿ ಬಕೆಟ್ ತುಂಬಿಸ್ಕೊಂಡು ಬಂದ್ಯಲ್ಲ, ನಿನ್ನನ್ನ ಮತ್ತೆ ನೋಡ್ಬೇಕು ಅಂತ ಗಾಜಿನ ನೆಪ ಹೇಳ್ದೆ. ಅದು ಮುರಿದಾಗ ಜೀವವೇ ಹೋಯ್ತು. ಹುಡುಗೀನ ನೋಡ್ತಾ ಕೂತು ಸೂರನ್ನ ಸರಿಯಾಗಿ ನೋಡ್ಲಿಲ್ವಲ್ಲ ಅಂತ. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?"

ಜೆನ್ನಿ ಅಳುತ್ತಲೇ ನಕ್ಕಳು. "ಹೇಳಬಾರ್ದಿತ್ತಾ?"

"ಹೇಳೋಕೆ ಅಂತಾನೇ ವಾರ ವಾರ ಬರ್ತಿದ್ದೆ. ಬಾಯಿಗೆ ಸಿಮೆಂಟೇ ಬರ್ತಿತ್ತು."

ಸಂಜೆ ಲಿಂಗಯ್ಯನವರು ಬರುವ ಹೊತ್ತಿಗೆ ಇಬ್ಬರೂ ಲೂರ್ದಮ್ಮನ ಮುಂದೆ ಕೈಕಟ್ಟಿ ನಿಂತಿದ್ದರು. ಎಲ್ಲ ಕೇಳಿದ ಆಕೆ ಮೊದಲು ಮಗಳ ಕಿವಿ ಹಿಂಡಿದರು, ಆಮೇಲೆ ಜಾನ್ಸನ್ನನ ಕಡೆ ತಿರುಗಿದರು.

"ನಿಮ್ಮಿಬ್ರ ಆಟಕ್ಕೆ ನನ್ನ ಮನೆ ಮಾರಿಸ್ತಿದ್ರಲ್ಲೋ! ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ?" ಬೈದು ಸುಸ್ತಾಗಿ, ಅಪ್ಪನ ಫೋಟೋವನ್ನು ಮತ್ತೆ ಗೋಡೆಗೆ ಹಾಕಿದರು. ಲಿಂಗಯ್ಯನವರಿಗೆ ಕಾಫಿ ಕೊಟ್ಟು, ಮನೆ ಮಾರುವ ಮನಸ್ಸಿಲ್ಲ ಎಂದು ಹೇಳಿ ಕಳಿಸಿದರು.

ಭಾನುವಾರ ಜಾನ್ಸನ್ ಮತ್ತೆ ತಾರಸಿಯಲ್ಲಿ ಮೊಣಕಾಲೂರಿದ. ಈ ಸಲ ನೆಪಕ್ಕಲ್ಲ. ಒಮ್ಮೆ ಹೆದರಿದ ಮೇಲೆ ನೋಡಿ ನಿಜ ತಿಳಿಯುವ ತನಕ ಬಿರುಕು ಮುಚ್ಚುವುದಿಲ್ಲ ಎಂದು ಹಟ ಹಿಡಿದಿದ್ದ. ಜೆನ್ನಿ ಹೊಸ ಗಾಜನ್ನು ಹಿಡಿದುಕೊಂಡಳು, ಅವನು ಎರಡೂ ತುದಿಗೆ ಗಾರೆ ಮೆತ್ತಿದ.

"ಇದನ್ನ ಮಾತ್ರ ಮುರೀಬೇಡ."

"ಮುರಿಯಲ್ಲ. ಬಿರುಕು ತುಂಬಿದ್ಮೇಲೂ ಬರ್ತೀರಾ?"

"ಮಳೆಗಾಲ ಕಳೀಲಿ, ಮಹಡಿ ರೂಮು ಕಟ್ಟೋಕೆ ಬರ್ತೀನಿ."

"ಆಮೇಲೆ?"

ಅವನು ಗಾರೆ ಮೆತ್ತಿದ ಬೆರಳನ್ನು ಒರೆಸಿಕೊಂಡು ಅವಳ ಕೈ ಹಿಡಿದ.

"ಆಮೇಲೆ ಹೋಗಲ್ಲ."